ಖಾಲಿ ತೂಕ

ಅವರ್ಸಾ ತಿರುವಿನಲ್ಲೊಂದು ತೂಕದ ಕಟ್ಟೆ.
ಕೂತವನು ನಾನು, ಪುಂಡಲೀಕ ದುರ್ಗೇಕರ,
ರಾತ್ರಿ ಪಾಳಿ, ಹತ್ತರಿಂದ ಆರು.
ಅರಬೈಲ್ ಘಟ್ಟ ಇಳಿದ ಲಾರಿ
ಯಾರದೋ ಊರಿನ ಗುಡ್ಡ ಹೊತ್ತು ಬಂದು
ಹಲಗೆ ಹತ್ತಿ ನಿಟ್ಟುಸಿರು ಬಿಡುತ್ತಿತ್ತು.
ಚೀಟಿಯಲ್ಲಿ ಹದಿನಾರು ಟನ್.
ಪರದೆಯ ಮೇಲೆ ಇಪ್ಪತ್ತನಾಲ್ಕು.
ನಾನು ಬರೆಯುತ್ತಿದ್ದೆ: ಹದಿನಾರು.
ಅಕ್ಷರ ಚೆನ್ನಾಗಿತ್ತು ನನ್ನದು, ಮಾಸ್ತರು ಹೊಗಳಿದ್ದರು.
ತಿರುಗಿ ಬರುವಾಗಿನ ಖಾಲಿ ತೂಕ ಮಾತ್ರ
ಕಿಲೋ ತಪ್ಪದಂತೆ ಬರೆಯುತ್ತಿದ್ದೆ.

ಉಳಿದ ಎಂಟು ಟನ್ ಎಲ್ಲಿ ಹೋಯಿತು ಅಂತ
ವರ್ಷಗಳಾದ ಮೇಲೆ ಬಂದ ಅಧಿಕಾರಿ ಕೇಳಿದ.
ಹಡಗಿಗೆ ಹೋಯಿತು ಸಾಹೇಬ್ರೆ, ಅಂದೆ.
ಪೂರ್ತಿ ಹೇಳಲಿಲ್ಲ.
ಹೋದದ್ದು ತಿರುಗಿಯೂ ಬಂತು:
ಸೀರೆಯಾಗಿ, ಕುಕ್ಕರಾಗಿ,
ನಮ್ಮ ಓಣಿಯ ಗಟಾರದ ಮೇಲೆ
ಫಲಕದಲ್ಲಿ ಕೈಮುಗಿದು ನಗುವ ಮುಖವಾಗಿ,
ರೆಸಾರ್ಟಿನಲ್ಲಿ ಇಸ್ಪೀಟು ಆಡುತ್ತ ಕೂತ
ಹನ್ನೊಂದು ಮಂದಿಯ ಊಟದ ಬಿಲ್ಲಾಗಿ.
ಅವರು ಕೈ ತೊಳೆದು ಎದ್ದು ಆ ಕಡೆ ಕೂತರು.
ಬೆಂಗಳೂರಿನಲ್ಲಿ ಕುರ್ಚಿ ಬದಲಾಯಿತು.

ಚೀನಾದ ಯಾವುದೋ ಕುಲುಮೆ ತಣ್ಣಗಾದರೆ
ಇಲ್ಲಿ ಮಂತ್ರಿಯ ದನಿ ಮೆತ್ತಗಾಗುತ್ತಿತ್ತು.
ಟನ್ನಿಗೆ ಹತ್ತು ಡಾಲರ್ ಏರಿತೋ,
ಅದೇ ಬಾಯಿಗೆ ನಾಡು, ನುಡಿ, ದೇವರು ಎಲ್ಲ ನೆನಪಾಗುತ್ತಿತ್ತು.
ಹೊಸಪೇಟೆಯ ಡ್ರೈವರ್ ಹುಲಗಪ್ಪ ಬೀಡಿ ಹಚ್ಚಿ ಅನ್ನುತ್ತಿದ್ದ:
“ಪೇಪರ್ ಯಾಕ ಓದ್ತೀ? ರೇಟ್ ಕೇಳಪಾ, ಸಾಕು.”

ನನ್ನಜ್ಜ ರಂಪಣಿಯ ತಾಂಡೇಲ.
ಬಾಯಿ ಕೆಟ್ಟದ್ದು, ಕೈ ಗಿಡ್ಡ, ಊರಿಗೇ ಆಗದವನು.
ಆದರೂ ಬಂಗಡೆಯ ಹಿಂಡು ನೀರನ್ನು ಕಪ್ಪಾಗಿಸಿದ ದಿನ
ದಂಡೆಗುಂಟ ಓಡಿ ಓಡಿ ಕರೆಯಲೇಬೇಕಿತ್ತು.
ಬಲೆಯ ಎರಡು ತುದಿಗೂ ಜನ ಬೇಕು,
ನಿನ್ನೆ ಜಗಳವಾಡಿದ ಮನೆಯ ಕೈಯೂ ಬೇಕು.
ಹಗ್ಗ ಮುಟ್ಟಿದವರಿಗೆಲ್ಲ ಪಾಲು.
ಚಡ್ಡಿ ಜಾರುತ್ತಿದ್ದ ನಾನೂ ಮುಟ್ಟಿದ್ದೆ,
ಬೊಗಸೆ ತುಂಬ ಬಂತು, ಒಂದು ಇನ್ನೂ ಮಿಡಿಯುತ್ತಿತ್ತು.
ಪಾಲು ಕಡಿಮೆಯಾದರೆ ಹೆಂಗಸರು
ಅಜ್ಜನ ಬುಟ್ಟಿಯನ್ನೇ ಮರಳಿಗೆ ಸುರಿಯುತ್ತಿದ್ದರು.

ಗುಡ್ಡಕ್ಕೆ ನಮ್ಮ ಕೈ ಬೇಕಿರಲಿಲ್ಲ.
ಒಂದು ಯಂತ್ರ, ಒಂದು ಸಹಿ, ಒಂದು ಹಡಗು.
ಹಗ್ಗ ಹಿಡಿಯಲು ಕರೆಯದವರ ಹತ್ತಿರ
ಪಾಲು ಅಂತ ಯಾವ ಬಾಯಲ್ಲಿ ಕೇಳುವುದು?
ಕುಕ್ಕರ್ ಕೊಟ್ಟರು. ಕೈ ಮುಗಿದೆವು.

ಒಂದು ರಾತ್ರಿ, ಹೆಂಡತಿ ಕಾರವಾರದ ಆಸ್ಪತ್ರೆಯಲ್ಲಿ,
ಮಗಳನ್ನು ಜೊತೆಗೆ ಕರಕೊಂಡು ಹೋಗಿದ್ದೆ.
ಲಾರಿ ಇಲ್ಲದ ಹೊತ್ತು ನೋಡಿ
ಹಲಗೆಯ ನಟ್ಟನಡುವೆ ಹೋಗಿ ನಿಂತಳು,
ಅಂಗಾಲು ಕೆಂಪು.
“ಅಪ್ಪಾ, ನಾನೆಷ್ಟು?”
ಪರದೆಯಲ್ಲಿ ಸೊನ್ನೆ.
ಇಪ್ಪತ್ತು ಕಿಲೋ ಒಳಗಿನದು ಅದಕ್ಕೆ ಕಾಣುವುದಿಲ್ಲ.
ಬಾಯಿಗೆ ಬಂದದ್ದು ಹೇಳಿದೆ:
ಹದಿನಾರು.

ಈಗ ಲಾರಿ ಇಲ್ಲ.
ಹಲಗೆಯ ಸಂದಿಯಲ್ಲಿ ಹುಲ್ಲು.
ಮಳೆ ಬಿದ್ದರೆ ಕಟ್ಟೆಯ ಸುತ್ತ ಇನ್ನೂ ಕೆಂಪು ನೀರು ಹರಿದು
ಹಳ್ಳ ಹಿಡಿದು ಸಮುದ್ರಕ್ಕೆ ಹೋಗುತ್ತದೆ, ಚೀಟಿ ಇಲ್ಲದೆ.
ಮೊನ್ನೆ ಒಬ್ಬ ಹುಡುಗ ಬಂದಿದ್ದ,
ಕೊರಳಲ್ಲಿ ಶಾಲು, ಕೈಯಲ್ಲಿ ಪಟ್ಟಿ.
ಮನೆಯಲ್ಲಿ ಎಷ್ಟು ಓಟು?
ಮೂರು ಅಂದೆ, ಮಗಳಿಗೂ ಬಂದಿದೆ ಈ ಸಲ.
ಹಲಗೆಯ ಮೇಲೇ ನಿಂತು ಬರೆದುಕೊಂಡ.
ಬಗ್ಗಿ ನೋಡಿದೆ.
ಅಕ್ಷರ ಚೆನ್ನಾಗಿತ್ತು.