ಕೊನೆಯ ಟ್ರಾಮ್ ಹೋದ ಮೇಲೆ

ಗ್ರಾಜ್ ಊರಿನ ಕೊನೆಯ ಟ್ರಾಮ್ ಹೋದ ಮೇಲೆ
ನೆಲದ ನಡುಕ ನಿಲ್ಲುತ್ತದೆ.
ಆಗಲೇ ನಮ್ಮ ಕೆಲಸ, ನೆಲಮಾಳಿಗೆಯಲ್ಲಿ:
ಒಟ್ಟೊಕಾರ್ ಪಂಪಿನ ಕಿವಿ ಹಿಂಡುತ್ತಾನೆ,
ಕೊಳವೆಯೊಳಗಿನ ಗಾಳಿಯೂ ಖಾಲಿ.

"ಒಂದೊಂದೇ ಬಿಡು, ರೋಸ್‌ವಿತಾ."
ಬಿಟ್ಟೆ. ಒಂದು ಎಲೆಕ್ಟ್ರಾನು.
ಎದುರಿಗೆ ಎರಡು ಸೀಳು, ಕೂದಲೂ ತೂರದಷ್ಟು ಸಣ್ಣವು.
ಪರದೆಯ ಮೇಲೆ ಸಾಸಿವೆ ಸಿಡಿದಂತೆ ಚುಕ್ಕಿ.
ಅದು ಮುಟ್ಟಿ ಆರಿದ ಮೇಲೆಯೇ ಇನ್ನೊಂದು.
ಇಪ್ಪತ್ತಾದವು, ಇನ್ನೂರಾದವು,
ಚೆಲ್ಲಾಪಿಲ್ಲಿ.
ನಾನು ಬ್ರೆಡ್ಡಿಗೆ ಕುಂಬಳಬೀಜದ ಎಣ್ಣೆ ಸವರುತ್ತ ಕೂತೆ.

ಎರಡು ಗಂಟೆಗೆ ತಲೆಯೆತ್ತಿದರೆ
ಪಟ್ಟೆ! ಬೆಳಕು, ಕತ್ತಲು, ಬೆಳಕು, ಕತ್ತಲು,
ಜಮಖಾನ ಹಾಸಿದ ಹಾಗೆ.
ಒಂಟಿಯಾಗಿ ಬಂದವಲ್ಲವೇ ಎಲ್ಲ?
ಹಿಂದೆ ಬಂದದ್ದರ ಮುಖ ಮುಂದಿನದು ಕಂಡಿಲ್ಲ;
ಎಲ್ಲಿ ಬೀಳಬಾರದೆಂದು
ಇವಕ್ಕೆ ಹೇಳಿದವರು ಯಾರು?

ಸೀಳಿನ ಬಾಯಲ್ಲಿ ಕಾವಲಿಟ್ಟೆವು:
ಯಾವ ಬಾಗಿಲಿಂದ ಬಂದೆ, ಹೇಳು.
ಹೇಳಿತು. ಪ್ರತಿಯೊಂದೂ ಹೇಳಿತು, ಚಾಚೂ ತಪ್ಪದೆ.
ಪಟ್ಟೆ ಮಾತ್ರ ಅಳಿಸಿಹೋಯಿತು,
ಉಳಿದದ್ದು ಒಂದು ಮಸುಕು ಗುಪ್ಪೆ.

ಒಟ್ಟೊಕಾರ್ ನಕ್ಕ: "ನಮ್ಮಮ್ಮನೂ ಹೀಗೇ.
ಎಲ್ಲಿಗೆ ಹೋಗಿದ್ದೆ ಅಂದರೆ ಒಂದೇ ಮನೆಯ ಹೆಸರು.
ಕೇಳದಿದ್ದರೆ ಊರೆಲ್ಲ ಸುತ್ತಿ ಬಂದ ಸುದ್ದಿ
ಸೂಪಿನ ರುಚಿಯಲ್ಲೇ ಗೊತ್ತಾಗುತ್ತಿತ್ತು."

ಕಾವಲು ತೆಗೆದೆವು. ಪಟ್ಟೆ ಮರಳಿತು.
ದಿನಚರಿಯಲ್ಲಿ ಬರೆದೆ: ಮೂರೂ ಹತ್ತು. ಸರಿಯಾಗಿದೆ.
'ಕಾರಣ' ಎಂಬ ಅಂಕಣ ಖಾಲಿ ಬಿಟ್ಟೆ.

ಐದಕ್ಕೆ ಮೊದಲ ಟ್ರಾಮ್, ಲೋಟದ ನೀರು ನಡುಗಿತು.
ಪುಸ್ತಕ ಮುಚ್ಚುವಾಗ ಕಂಡೆ,
ಆ ಖಾಲಿ ಅಂಕಣದಲ್ಲಿ
ನನ್ನ ಬ್ರೆಡ್ಡು ತಿಂದ ಒಟ್ಟೊಕಾರನ ಹೆಬ್ಬೆರಳ ಎಣ್ಣೆಗುರುತು:
ಗೆರೆ, ಬಿಡುವು, ಗೆರೆ, ಬಿಡುವು.