ಮೂರು, ಎರಡು, ಐದು

ಡಾಕ್ಟರ್ ನಾಜ್ನೀನ್ ಕೂಗುತ್ತಾರೆ, ನಾನು ಬರೆಯುತ್ತೇನೆ:
ಮೂರು, ಎರಡು, ಮೂರು. ಮೂರು, ಎರಡು, ಐದು.
ಹಾಸನದ ಸಂತೆಪೇಟೆಯಲ್ಲಿ, ಟೈಲರ್ ಅಂಗಡಿಯ ಮಹಡಿ ಮೇಲೆ
ಒಂಬತ್ತು ವರ್ಷದಿಂದ ಇದೇ ನನ್ನ ಮಗ್ಗಿ.
ವಸಡು ಎಷ್ಟು ಸರಿಯಿತು, ಎಷ್ಟು ಸಡಿಲಾಯಿತು,
ಮಿಲಿಮೀಟರಿನಲ್ಲಿ.

ಅಪ್ಪನೂ ಹೀಗೇ ಕೂಗುತ್ತಿದ್ದ ಮಾರ್ಕೆಟ್ ಯಾರ್ಡಿನಲ್ಲಿ
ಆಲೂಗಡ್ಡೆ ಮೂಟೆ ತಕ್ಕಡಿಗೇರಿದಾಗ:
ಐವತ್ತೊಂದು, ನಲವತ್ತೊಂಬತ್ತೂವರೆ.
ಬಿಡುವಾದರೆ ಹಸಿರುಗಟ್ಟಿದ ಒಂದು ಗೆಡ್ಡೆ ಹೆಕ್ಕಿ ತೋರಿಸುವನು:
"ಬುಡಕ್ಕೆ ಮಣ್ಣು ಏರಿಸಿಲ್ಲ ಕಣೆ, ಬಿಸಿಲು ಕಂಡ್ಬಿಟ್ಟೈತೆ."

"ಹಲ್ಲು ಉದ್ದ ಆಗ್ತಾ ಇದೆ ಡಾಕ್ಟ್ರೇ,
ಐವತ್ತಕ್ಕೆ ಹಲ್ಲು ಬೆಳೆಯುತ್ತಾ?"
ಬೆಳೆಯುವುದಿಲ್ಲ. ಕೆಳಗಿನ ನೆಲ ಜಾರುತ್ತದೆ, ಅಷ್ಟೇ.
ಮಜ್ಜಿಗೆಯ ತಣ್ಣಗೂ ಜುಮ್ಮೆನ್ನುವವರೆಗೆ
ಯಾರಿಗೂ ಸುದ್ದಿ ಮುಟ್ಟುವುದಿಲ್ಲ.

ಕೆಎಸ್ಸಾರ್ಟಿಸಿ ಕೆಂಚೇಗೌಡರದು ಪಾಚಿ,
ಹಲ್ಲಿನ ಬುಡದಲ್ಲಿ ಗಾರೆಯ ಹಾಗೆ ಗಟ್ಟಿಯಾಗಿದೆ.
ಸಣ್ಣಮ್ಮನದು ಕಡ್ಡಿಪುಡಿ, ಎಡಗೆನ್ನೆಯ ಅದೇ ಜಾಗ,
ಅಲ್ಲೇ ಐದು, ಅಲ್ಲೇ ಆರು.
ಹೊಳೆನರಸೀಪುರದ ಹುಡುಗಿ ಏನೂ ಮಾಡಿದವಳಲ್ಲ,
ಅವಳಮ್ಮನದೂ ಅಷ್ಟೇ ತೆಳು ವಸಡು.
ಚನ್ನಕೇಶವಯ್ಯ ಮೇಷ್ಟ್ರು ಮಾತ್ರ ನಂಬಲೇ ಇಲ್ಲ:
"ಮೂರು ಹೊತ್ತು ಉಜ್ಜುತ್ತೇನಮ್ಮಾ! ಮೂರು ಹೊತ್ತು!"
"ಅದೇ ಮೇಷ್ಟ್ರೇ," ಅಂದರು ಡಾಕ್ಟರ್,
"ಹಿತ್ತಾಳೆ ಚೊಂಬು ಬೆಳಗಿದ ಹಾಗೆ ಉಜ್ಜಿದ್ದೀರಿ."
ಮೇಷ್ಟ್ರ ಮುಖ ನೋಡಲಾಗಲಿಲ್ಲ.
ತಪ್ಪಿಗೆ ಪೆಟ್ಟು ತಿಂದವರನ್ನು ಕಂಡಿದ್ದೇನೆ,
ಶಿಸ್ತಿಗೆ ತಿಂದವರು ಅವರೊಬ್ಬರೇ.

ಒಬ್ಬರೇ ಅಂದುಕೊಂಡಿದ್ದೆ.

ನಿನ್ನೆ ಸಂಜೆ ಕರೆಂಟು ಹೋಗುವ ಮೊದಲು
"ಜಯಶೀಲಾ, ನೀನೊಮ್ಮೆ ಕೂತ್ಕೋ" ಅಂದರು.
ಒಂಬತ್ತು ವರ್ಷ ನಾನೇ ಒರೆಸಿದ ಕುರ್ಚಿ,
ಮೇಲಿನ ದೀಪ ಇಷ್ಟು ಬಿಳಿ ಎಂದು ಗೊತ್ತಿರಲಿಲ್ಲ.
ಅವರು ಕೂಗಿದರು. ಬರೆಯುವವರಿಲ್ಲ.
ಬೆರಳು ಮಡಿಸಿ ಮಡಿಸಿ ನಾನೇ ನೆನಪಿಟ್ಟುಕೊಂಡೆ:
ಎರಡು, ಎರಡು, ಮೂರು. ಎರಡು, ನಾಲ್ಕು.
ಬಲಗೈಯವಳಲ್ಲವೇ, ಎಡಗಡೆ ಹೆಚ್ಚು ಸವೆದಿದೆ.

"ಮಣ್ಣು ಏರಿಸೋ ಹಾಗಿಲ್ವಾ ಮೇಡಂ?"
ಬಾಯೊಳಗಿನ ಹತ್ತಿ ತೆಗೆದ ಮೇಲೆ ಕೇಳಿದೆ.
ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ.
ನಕ್ಕರು. "ಸರಿದದ್ದು ತಾನಾಗಿ ವಾಪಸು ಬರಲ್ಲ.
ಅಂಗುಳದಿಂದ ಚೂರು ತೆಗೆದು ತೇಪೆ ಹಾಕಬಹುದು,
ನಿನಗೆ ಅಷ್ಟು ಬೇಕಾಗಿಲ್ಲ. ಇದ್ದದ್ದನ್ನು ಉಳಿಸಿಕೋ.
ನಲವತ್ತು ದಾಟಿದವರಲ್ಲಿ ಎಷ್ಟು ಜನಕ್ಕಿಲ್ಲ ಹೇಳು?"
ಹೇಳಬಲ್ಲೆ. ರಿಜಿಸ್ಟರು ನನ್ನದೇ ಅಕ್ಷರ.
ಇಲ್ಲದವರನ್ನು ಎಣಿಸುವುದೇ ಸುಲಭ.

ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಮೆತ್ತನೆ ಬ್ರಷ್ ಕೇಳಿದೆ.
"ಮಕ್ಕಳದ್ದೈತೆ," ಅಂದ. "ಆನೆ ಚಿತ್ರದ್ದು."
ಕೊಂಡೆ.
ಬೆಳಿಗ್ಗೆ ಕನ್ನಡಿಯ ಮುಂದೆ, ಎಷ್ಟು ಹಗುರ ಎಂದರೆ
ಉಜ್ಜಿದೆನೋ ಇಲ್ಲವೋ ಎಂದು ಅನುಮಾನ.
ಕೈ ಸುಮ್ಮನಿರಲೊಲ್ಲದು.
ಇನ್ನಷ್ಟು ಒತ್ತು, ಎನ್ನುತ್ತಲೇ ಇತ್ತು.