ಎಡದಿಂದ ಬಲಕ್ಕೆ

ಗ್ರಿಮ್ಸ್‌ಬಿ ಊರಿನ ಲೈಬ್ರರಿಯ ನೆಲಮಾಳಿಗೆಯಲ್ಲಿ
ಮುಚ್ಚಿಹೋದ ಪತ್ರಿಕೆಯೊಂದರ ನೆಗೆಟಿವ್‌ಗಳನ್ನು
ಬೆಳಕಿಗೆ ಹಿಡಿಯುವುದು ನನ್ನ ಕೆಲಸ.
ಗಂಟೆಗೆ ಹದಿಮೂರು ಪೌಂಡು,
ಹತ್ತಿಯ ಕೈಗವಸು ಅವರದೇ.

ಅಲ್ಲಿ ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ
ಮೇಯರು, ಬಿಷಪ್ಪು, ಬೇಕರಿಯವ
ಎಲ್ಲರ ಮೈಬಣ್ಣವೂ ನನ್ನದೇ,
ಸ್ಕ್ಯಾನರು ತಿದ್ದುವ ತನಕ.

ಪ್ರತಿ ಚಿತ್ರದ ಜೊತೆಗೊಂದು ಟೈಪು ಮಾಡಿದ ಚೀಟಿ.
ಎಡದಿಂದ ಬಲಕ್ಕೆ:
ಕ್ಯಾಪ್ಟನ್ ಬ್ಲಾಂಚರ್ಡ್, ಎಂಜಿನಿಯರ್ ಕರ್ಕ್‌ಬಿ,
ಹಡಗಿನ ಮಾಲೀಕರು, ಸ್ನೇಹಿತೆ.
ಯಾರ ಸ್ನೇಹಿತೆ? ಚೀಟಿ ಹೇಳುವುದಿಲ್ಲ.
ಇನ್ನೊಂದರಲ್ಲಿ ನಾಯಿಗೂ ಹೆಸರಿದೆ, ರಸ್ಟಿ.
ಅದರ ಹಗ್ಗ ಹಿಡಿದು ನಿಂತದ್ದು ಮಾತ್ರ
'ಮತ್ತು ಪತ್ನಿ'.

ಮಂಗಳವಾರ ಮಂಗಳವಾರ ಮೇವಿಸ್ ಬರುತ್ತಾಳೆ.
ಎಂಬತ್ತಾರು ವರ್ಷ, ಕೋಲು, ಪುದೀನಾ ಪೆಪ್ಪರಮಿಂಟು.
ಹದಿನಾರಕ್ಕೇ ಬಲೆ ಹೆಣೆಯುವ ಷೆಡ್ಡು ಸೇರಿದವಳು.
ಭೂತಗನ್ನಡಿ ಸರಿಸುತ್ತ ಸರಿಸುತ್ತ
ಮುಖಕ್ಕೊಂದು ಹೆಸರು ಕೊಡುತ್ತಾಳೆ.
"ಇವಳು ಐವಿ ಬ್ರಾಕಲ್ಸ್‌ಬಿ ಕಣೇ.
ಸ್ನೇಹಿತೆಯಂತೆ!
ಬಾಕಿ ಕೂಲಿ ಕೇಳೋಕೆ ಹೋಗಿದ್ದಳು ಅವತ್ತು."

ಇವತ್ತು ಕೈಗೆ ಬಂದದ್ದು ಒಂದು ಕಾಂಟ್ಯಾಕ್ಟ್ ಶೀಟು.
ಫೆಬ್ರವರಿ. ಮರಳದ ಒಂದು ಮೀನುಹಡಗು.
ಹನ್ನೆರಡು ಪುಟ್ಟ ಚೌಕಗಳ ಮೇಲೆ
ಸಂಪಾದಕನ ಕೆಂಪು ಮೇಣದ ಪೆನ್ಸಿಲು ಓಡಾಡಿದೆ.

ನಾಲ್ಕು: ಐವಿ ಪೀಪಾಯಿ ಹತ್ತಿ ನಿಂತಿದ್ದಾಳೆ,
ಕೋಟು ತೊಟ್ಟವರತ್ತ ಬೆರಳು ಚಾಚಿ.
ಬಾಯಿ ಅಗಲ ತೆರೆದಿದೆ, ಉದುರಿದ ಹಲ್ಲಿನ ಜಾಗ ಕಾಣುವಷ್ಟು.
ಗೀಟು.
ಐದು: ಕ್ಯಾಪ್ಟನ್ ಬ್ಲಾಂಚರ್ಡ್ ಹಗ್ಗದ ರಾಶಿಯ ಮೇಲೆ
ಎರಡೂ ಅಂಗೈಯೊಳಗೆ ಮುಖ ಸುರಿದುಕೊಂಡು.
ಗೀಟು.
ಆರು: ಅವನೇ. ಕೈ ತೆಗೆದಿದ್ದಾನೆ.
ಮೂಗು ಸೋರಿ ಗಡ್ಡ ಹೊಳೆಯುತ್ತಿದೆ.
ಇದಕ್ಕೆ ಎರಡು ಗೀಟು, ಕಾಗದ ಹರಿಯುವ ಹಾಗೆ.
ಏಳೂ ಎಂಟೂ ಬರೀ ಮಂಜು.
ಒಂಬತ್ತರ ಅಂಚಿನಿಂದ ಒಂದು ಕೈ,
ವಾಚು ಕಟ್ಟಿದ ಗಂಡುಕೈ, ಫ್ರೇಮಿನೊಳಕ್ಕೆ ಬಂದು
ಐವಿಗೆ ಕರ್ಚೀಪು ನೀಡುತ್ತಿದೆ.
ಅವಳ ಹುಬ್ಬು ಗಂಟಿಕ್ಕಿದೆ, ಇದ್ಯಾಕೆ ಎಂಬಂತೆ.
ಹತ್ತು: ಕರ್ಚೀಪು ಕಣ್ಣಿಗೆ ಮುಟ್ಟಿದೆ.
ಸುತ್ತ ದುಂಡನೆಯ ವೃತ್ತ, ಕುಂಕುಮದಂತೆ.
ಹನ್ನೊಂದು: ಕ್ಯಾಪ್ಟನ್ ಗಲ್ಲ ಎತ್ತಿ
ಕಡಲು ನೋಡುತ್ತಿದ್ದಾನೆ. ವೃತ್ತ.

ಮರುದಿನದ ಮುಖಪುಟದಲ್ಲಿ ಇವೆರಡೇ, ಅಕ್ಕಪಕ್ಕ:
ವಿಧವೆಯ ಕಣ್ಣೀರು.
ಕಲ್ಲೆದೆಯ ಕ್ಯಾಪ್ಟನ್.

ಅಳುತ್ತಾನೆ, ಅಳುತ್ತಾಳೆ.
ನನ್ನ ನುಡಿಯಲ್ಲಿ ಅವರಿಬ್ಬರ ನಡುವೆ
ಒಂದೇ ಅಕ್ಷರದ ದೂರ.

ಮೇವಿಸ್ ನಕ್ಕೂ ನಕ್ಕೂ ಕೆಮ್ಮಿದಳು.
"ವಿಧವೆಯಾ? ಐವಿ ಮದುವೆನೇ ಆಗಲಿಲ್ಲ.
ಹೋದವನು ಅವಳ ತಮ್ಮ.
ಆ ತೂತು ಹಡಗಿಗೆ ಸಹಿ ಹಾಕಿದವರು ಯಾರು ಅಂತ
ಮೂರು ಸಲ ಕೇಳಿದಳು, ನಾನು ಪಕ್ಕದಲ್ಲೇ ಇದ್ದೆ.
ಬ್ಲಾಂಚರ್ಡ್ ಬಿಡು, ಅಳುಮುಂಜಿ,
ಬೆಕ್ಕು ಸತ್ತರೂ ಅಳುತ್ತಿದ್ದ, ಒಳ್ಳೆಯವನು.
ಇಡೀ ಬಂದರಿಗೇ ಗೊತ್ತಿತ್ತು."
ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು,
"ಪೇಪರಿಗೊಂದು ಗೊತ್ತಿರಲಿಲ್ಲ."

ಹನ್ನೆರಡೂ ಚೌಕಗಳನ್ನು ಸ್ಕ್ಯಾನು ಮಾಡಿದೆ.
ವಿವರ ಎಂಬ ಖಾನೆಯಲ್ಲಿ ಬರೆದೆ:
ಮಾತಾಡುತ್ತಿರುವವರು, ಐವಿ ಬ್ರಾಕಲ್ಸ್‌ಬಿ.
ಅಳುತ್ತಿರುವವರು, ಥಾಮಸ್ ಬ್ಲಾಂಚರ್ಡ್.
ಕೈ: ಹೆಸರು ತಿಳಿದಿಲ್ಲ.

ಮೂರು ಗಂಟೆಗೆ ಲೈಬ್ರರಿಯ ಕರಪತ್ರಕ್ಕೆಂದು
ಕ್ಯಾಮೆರಾ ಹುಡುಗ ಬಂದ. ಒಳ್ಳೆಯ ಹುಡುಗ.
ಮನೆಯಲ್ಲಿ ಸೀರೆ ಇದೆಯಾ ಎಂದು ಕೇಳಿ, ತಾನೇ ನಾಚಿ,
ಹೋಗಲಿ ಬಿಡಿ, ಅಜ್ಜಿಗೆ ಟೀ ಕೊಡುವ ಹಾಗೆ
ನಿಲ್ಲಿ ಸಾಕು, ಸ್ವಲ್ಪ ನಗಿ, ಎಂದ.
ನಿಂತೆ. ನಕ್ಕೆ.

ಈಗ ಅದು ಬಾಗಿಲ ಬಳಿಯ ಗೋಡೆಯಲ್ಲಿದೆ:
ಮೇವಿಸ್ ಹೋಲ್ಡನ್, ಮತ್ತು ಸ್ವಯಂಸೇವಕಿ.
ಚೆನ್ನಾಗಿಯೇ ಬಂದಿದ್ದೇನೆ, ಸುಳ್ಳೇಕೆ.
ಟ್ರೇ ಹಿಡಿದ ಕೈಯಲ್ಲಿ ಮಾತ್ರ
ಇನ್ನೂ ಹತ್ತಿಯ ಗವಸು.
ಕಳಚಲು ಮರೆತಿದ್ದೆ.